ಗೃಹಕೃತ್ಯ: ಕಾವುಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ಸವದತ್ತಿ ತಾಲೂಕಿನ ಓರ್ವ ಗೃಹಿಣಿಯು ಈ ಪುಟಕ್ಕೆ ಬರೆದು ಕೇಳಿರುವುದೇನೆಂದರೆ: ತಮ್ಮಲ್ಲಿ ಹದಿನೆಂಟು ಜವಾರಿ ಕೋಳಿಗಳೂ ಎರಡು ಹುಂಜಗಳೂ ಇವೆ, ಸ್ವಸಹಾಯ ಸಂಘದಲ್ಲಿ ಸಾಲವೆತ್ತಿ ಅರವತ್ತು ತತ್ತಿಗಳ ಕಾವುಪೆಟ್ಟಿಗೆಯೊಂದನ್ನು ಕೊಳ್ಳಬಹುದೇ? ಸಾಲದ ಮಾತು ಬಂದುದರಿಂದ ಉತ್ತರವನ್ನು ತುಸು ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಪೆಟ್ಟಿಗೆಯ ಆಸೆ ತಪ್ಪಲ್ಲ. ಜವಾರಿ ಕೋಳಿಯು ಹತ್ತು ಹನ್ನೆರಡು ತತ್ತಿಗಳಿಗೆ 21 ದಿನ ತಾನೇ ಕಾವು ಕೊಡುವುದಾದರೂ, ಕಾವಿಗೆ ಕುಳಿತು ಮರಿಗಳನ್ನು ಸಾಕುವ ತನಕ ಮತ್ತೆ ತತ್ತಿಯಿಡದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬೆಳೆಸಿದ ಗಿರಿರಾಜದಂತಹ ಸುಧಾರಿತ ತಳಿಗಳಂತೂ ಕಾವಿಗೆ ಕೂಡುವುದೇ ಅಪರೂಪ. ಕೋಳಿಯಿಲ್ಲದೆ ಮರಿ ಮಾಡಿಸುವ ವಿದ್ಯೆಯೇನೂ ಹೊಸದಲ್ಲ. ಈಜಿಪ್ತ ದೇಶದಲ್ಲಿ ಮಣ್ಣಿನ ಒಲೆಕೋಣೆಗಳಲ್ಲಿ ಸಾವಿರಾರು ತತ್ತಿಗಳಿಗೆ ಕಾವು ಕೊಡುತ್ತಿದ್ದರು. ಆ ಕಸುಬಿನವರು ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖವನ್ನು ಅರಿಯುತ್ತಿದ್ದರಂತೆ.

ನಮಗೆ ಆ ರೆಪ್ಪೆಯ ಅನುಭವವಿಲ್ಲ; ಪೆಟ್ಟಿಗೆಯ ಮೇಲಿನ ಕೆಂಪು ಅಂಕಿಗಳನ್ನೇ ನಂಬುತ್ತೇವೆ. ನಾನೂ ನಂಬಿದ್ದೆನು. ಮೊದಲ ಸಲ ಮೂವತ್ತೆರಡು ತತ್ತಿಗಳನ್ನಿಟ್ಟಾಗ ಅಂಕಿಯು ಮೂರು ವಾರವೂ 37.7 ಎಂದೇ ತೋರಿಸುತ್ತಿದ್ದಿತು. ಹೊರಬಂದ ಮರಿಗಳು ನಾಲ್ಕು. ಉಳಿದ ತತ್ತಿಗಳನ್ನು ಒಡೆದು ನೋಡಿದಾಗ ಬಹುತೇಕ ಮರಿಗಳು ಪೂರ್ಣವಾಗಿ ಬೆಳೆದೇ ಸತ್ತಿದ್ದವು. ಆ ಸಾಯಂಕಾಲ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಬಳಿಕ ಪರೀಕ್ಷಿಸಲು, ಒಳಗಿನ ಶಾಖವು ಅಂಕಿಗಿಂತ ಒಂದೂವರೆ ಡಿಗ್ರಿ ಹೆಚ್ಚಿರುವುದು ತಿಳಿಯಿತು. ಪಂಖವುಳ್ಳ ಪೆಟ್ಟಿಗೆಯಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಇರತಕ್ಕದ್ದು. ಕೆಲಹೊತ್ತು ತಣ್ಣಗಾದರೆ ಪಿಂಡವು ಸಹಿಸೀತು. ಎರಡು ಮೂರು ಡಿಗ್ರಿ ಏರಿದರೆ ಸಹಿಸದು.

ಪರೀಕ್ಷೆಗೆ ಬೇಕಾದ ಸಾಧನವು ಮನೆಯಲ್ಲಿಯೇ ಉಂಟು. ಜ್ವರ ನೋಡುವ ಥರ್ಮಾಮೀಟರು ಸರಿಯಾಗಿ ಈ ಶಾಖದ ಆಸುಪಾಸಿನಲ್ಲಿಯೇ ನಿಖರವಾಗಿ ಅಳೆಯುವಂತಹದು. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಅದರ ತುದಿಯನ್ನೂ ಬೇರೊಂದು ಸಾದಾ ಥರ್ಮಾಮೀಟರಿನ ತುದಿಯನ್ನೂ ಒಟ್ಟಿಗೆ ಅದ್ದಿ ಎರಡರ ಅಂತರವನ್ನು ಬರೆದಿಟ್ಟುಕೊಳ್ಳಿರಿ. ಆ ಸಾದಾ ಥರ್ಮಾಮೀಟರನ್ನು ತತ್ತಿಗಳ ಪಕ್ಕದಲ್ಲಿಡಿರಿ. ತೇವಮಾಪಕದ ಸತ್ಯಾಸತ್ಯಕ್ಕೆ ಉಪ್ಪು ಸಾಕ್ಷಿ: ತುಸು ನೀರು ಬೆರೆಸಿ ಮುದ್ದೆಯಾದ ಅಡಿಗೆಯುಪ್ಪಿನ ಜೊತೆಗೆ ಅದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ 75 ತೋರಿಸಬೇಕು.

ಇನ್ನು ಗಾತ್ರದ ಮಾತು. ಮರಿ ಮಾಡಿಸುವ ತತ್ತಿಯನ್ನು ಏಳು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ಜವಾರಿ ಕೋಳಿಗೆ ವರ್ಷಕ್ಕೆ ಎಪ್ಪತ್ತು ತತ್ತಿಗಳೆಂದು ಹಿಡಿದರೆ ಹದಿನೆಂಟು ಕೋಳಿಗಳಿಂದ ವಾರಕ್ಕೆ ಬರುವುದು ಸುಮಾರು ಇಪ್ಪತ್ತುನಾಲ್ಕು. ಅರವತ್ತರ ಪೆಟ್ಟಿಗೆ ತುಂಬುವುದೆಂತು? ದಿನಕ್ಕಷ್ಟಿಷ್ಟು ಸೇರಿಸುತ್ತ ಹೋದರೆ ಕೆಡುಕೇ ಹೆಚ್ಚು. ಕಡೆಯ ಮೂರು ದಿನ ತತ್ತಿಗಳನ್ನು ತಿರುಗಿಸಕೂಡದು, ತೇವವೂ ಅರವತ್ತೈದಕ್ಕೆ ಏರಬೇಕು. ಹೊಸ ತತ್ತಿಗಳಿಗೆ ಇವೆರಡೂ ಒಗ್ಗವು. ಮೂವತ್ತರ ಪೆಟ್ಟಿಗೆಯೇ ಸಾಕು. ತಾನೇ ತತ್ತಿ ತಿರುಗಿಸುವ ಯಂತ್ರವಿದ್ದರೆ ಅನುಕೂಲವೇ. ಆದರೆ ಉರುಳುಗೊಳವೆಗಳ ಮೇಲೆ ನಮ್ಮ ಚಿಕ್ಕ ಜವಾರಿ ತತ್ತಿಗಳು ಸರಿಯಾಗಿ ಕೂಡುತ್ತವೆಯೋ ಎಂಬುದನ್ನು, ನಾಲ್ಕು ತತ್ತಿ ಕೊಂಡೊಯ್ದು ಅಂಗಡಿಯಲ್ಲಿಯೇ ನೋಡಿರಿ.

ವಿದ್ಯುತ್ತಿನ ಚಿಂತೆ ಎಲ್ಲಕ್ಕಿಂತ ದೊಡ್ಡದು. ಸರಾಸರಿ ನಲವತ್ತು ವಾಟು ಎಳೆಯುವ ಪೆಟ್ಟಿಗೆಗೆ ಆರು ತಾಸು ಕರೆಂಟು ಹೋದರೆ 240 ವಾಟ್-ತಾಸು ಬೇಕು. 12 ವೋಲ್ಟಿನ 40 ಆಂಪಿಯರ್-ತಾಸಿನ ಬ್ಯಾಟರಿಯು ಅರ್ಧದಷ್ಟು ಖಾಲಿಯಾಗುವಾಗ ಕೊಡುವುದೂ ಅಷ್ಟೇ. ಆದುದರಿಂದ ಬ್ಯಾಟರಿಯ ಮೇಲೂ ನಡೆಯುವ ಪೆಟ್ಟಿಗೆಯನ್ನೇ ಆರಿಸಿ, ಬ್ಯಾಟರಿಯ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕಿರಿ. ವ್ಯಾಪಾರಿಗಳು ಈ ಬೆಲೆಯನ್ನು ಹೇಳದೆ ಬಿಡುವುದುಂಟು.

ಊರಿನ ಹವೆಯೂ ಒಂದೇ ಬಗೆಯದಲ್ಲ. ಕಿತ್ತೂರಿನ ಮಳೆಗಾಲದಲ್ಲಿ ನೀರಿನ ತಟ್ಟೆ ಬಹುಶಃ ಬೇಡವೆನಿಸೀತು. ರಾಮದುರ್ಗ, ಸವದತ್ತಿಗಳ ಬೇಸಗೆಯಲ್ಲಿ ಎರಡು ತಟ್ಟೆಯೂ ಸಾಲವು. ಅಲ್ಲದೆ ಪೆಟ್ಟಿಗೆಯು ಕಾಯಿಸಬಲ್ಲುದೇ ಹೊರತು ತಣಿಸಲಾರದು. ತಗಡಿನ ಕೋಣೆಯು ನಡುಹಗಲಲ್ಲಿ ನಲವತ್ತು ಡಿಗ್ರಿಗೇರಿದರೆ ಎಷ್ಟು ಬೆಲೆಯ ಯಂತ್ರವೂ ನಿರುಪಾಯವಾಗುವುದು. ಮೇಲ್ಮುದ್ದೆಯ ಹಳೆಯ ಮನೆಯಿದ್ದರೆ ಅದರ ಒಳಕೋಣೆಯೇ ಯೋಗ್ಯ ಸ್ಥಳ.

ಪತ್ರ ಬರೆದವರಿಗೆ ನನ್ನ ಸಲಹೆ ಇಷ್ಟು: ಸಾಲವನ್ನು ಈಗಲೇ ಎತ್ತಬೇಡಿರಿ. ಕಾವಿಗೆ ಕುಳಿತ ಕೋಳಿಗೆ ಈ ಸಲ ಹನ್ನೆರಡು ತತ್ತಿಗಳನ್ನಿಟ್ಟು, ಏಳನೆಯ ರಾತ್ರಿ ದೀಪಕ್ಕೆ ಹಿಡಿದು ಎಷ್ಟರಲ್ಲಿ ರಕ್ತದ ಎಳೆಗಳು ಮೂಡಿವೆಯೆಂದು ಎಣಿಸಿರಿ. ಒಂಬತ್ತಕ್ಕಿಂತ ಕಡಮೆಯಾದರೆ ಮೊದಲು ಹುಂಜವನ್ನು ಬದಲಿಸಿರಿ. ಪೆಟ್ಟಿಗೆಯಿಂದ ಆ ಕೊರತೆ ನೀಗದು. ಹೆಚ್ಚಾದರೆ, ಸಂಕ್ರಾಂತಿ ಕಳೆದ ಮೇಲೆ ಮೂವತ್ತರ ಪೆಟ್ಟಿಗೆ ತಂದು, ಎರಡು ದಿನ ಬರಿದಾಗಿಯೇ ನಡೆಯಿಸಿ ಶಾಖವನ್ನು ಪರೀಕ್ಷಿಸಿ, ಆಮೇಲೆ ತತ್ತಿಗಳನ್ನಿಡಿರಿ. ಅಷ್ಟರೊಳಗೆ ಮರಿಗಳಿಗೆ ಬೆಚ್ಚನೆಯ ಗೂಡನ್ನೂ, ಮೊದಲ ವಾರದಲ್ಲಿಯೇ ಹಾಕಿಸಬೇಕಾದ ಕೊಕ್ಕರೆ ರೋಗದ ಲಸಿಕೆಯನ್ನೂ ಪಶುವೈದ್ಯರಲ್ಲಿ ವಿಚಾರಿಸಿ ಗೊತ್ತುಮಾಡಿಕೊಂಡಿರಬೇಕು. ಎಷ್ಟು ಮರಿಗಳಾದವೆಂದು ದಯವಿಟ್ಟು ಬರೆದು ತಿಳಿಸಿರಿ.