ಅಡಿಗೆಮನೆಯ ಮೂಲೆಗೆ ಊಟದ ಮೇಜು

ಕಳೆದ ತಿಂಗಳು ಬೇಳೆಕಾಳುಗಳಿಗೆ ಹುಳು ಹಿಡಿಯದಂತೆ ನೋಡಿಕೊಳ್ಳುವ ವಿಷಯವನ್ನು ಕುರಿತು ಬರೆದಿದ್ದೆವಷ್ಟೆ. ಅದನ್ನೋದಿದ ಸೋದರಿಯೊಬ್ಬರು ಬೇರೊಂದು ಪ್ರಶ್ನೆಯನ್ನು ಕೇಳಿ ನಮಗೆ ಕಾಗದ ಬರೆದಿರುತ್ತಾರೆ. ಅವರದು ಮೈಸೂರಿನಲ್ಲಿ ಹೊಸದಾಗಿ ಕೊಂಡ ಮನೆ. ಅಡಿಗೆಮನೆಯ ಒಂದು ಮಗ್ಗುಲಿಗೆ, ಹಿತ್ತಿಲ ಕಿಟಕಿಯ ಬಳಿ, 7 ಅಡಿ ಉದ್ದ 6 ಅಡಿ ಅಗಲದ ಒಂದು ಮೂಲೆ ಇದೆಯಂತೆ. ಎರಡು ಕಡೆ ಗೋಡೆ, ಎರಡು ಕಡೆ ತೆರಪು. ದಿನವೂ ಊಟಕ್ಕೆ ನಾಲ್ವರು. ಹಬ್ಬಹರಿದಿನಗಳಲ್ಲಿ ನೆಂಟರಿಷ್ಟರು ಕೂಡಿದರೆ ಹದಿನೈದು ಮಂದಿಗೆ ಕಡಿಮೆಯಿಲ್ಲ. ಎರಡಕ್ಕೂ ಒದಗುವಂತೆ ಆ ಮೂಲೆಗೆ ಎಂತಹ ಮೇಜನ್ನು ತರಬೇಕೆಂದು ಕೇಳಿದ್ದಾರೆ.

ಅಳತೆಯ ಮಾತನ್ನಷ್ಟೇ ಹೇಳಿ ಈ ಪ್ರಶ್ನೆಗೆ ಉತ್ತರ ಕೊಡಬಹುದಾಗಿತ್ತು. ಆದರೆ ಮೇಜಿನ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ಒಂದು ತಪ್ಪು ನಡೆದುಹೋಗಿದೆ. ಅದನ್ನು ಮುಚ್ಚಿಟ್ಟುಕೊಂಡು ಪರರಿಗೆ ಬುದ್ಧಿ ಹೇಳುವುದು ನ್ಯಾಯವಾಗಿ ತೋರಲಿಲ್ಲ.

ನಮ್ಮಲ್ಲಿ ದೊಡ್ಡಮ್ಮನವರಿದ್ದಾರೆ, ಈಗ ಅವರಿಗೆ 78 ವರ್ಷ. ಮೂರು ವರ್ಷಗಳ ಹಿಂದೆ ಮಂಡಿಯ ನೋವು ಬಲವಾಗಿ, ನೆಲದ ಮೇಲೆ ಕುಳಿತರೆ ಇಬ್ಬರು ಹಿಡಿದು ಎಬ್ಬಿಸುವಂತಾಯಿತು. ಆಗ ನಾವು ಒಂದು ಅಂಗಡಿಗೆ ಹೋಗಿ, ಆರು ಮಂದಿಯ ಮೇಜೆಂದು ಅಲ್ಲಿಯವರು ತೋರಿಸಿದ ಗಾಜಿನ ಹಲಗೆಯ ಮೇಜೊಂದನ್ನು ಕೊಂಡು ತಂದೆವು. ಅದು ಬಾಗಿಲಲ್ಲಿ ಹಿಡಿಸದೆ ಕಾಲುಗಳನ್ನು ಬಿಚ್ಚಿ ಒಳಕ್ಕೆ ತರಬೇಕಾಯಿತು. ಮೂಲೆಯಲ್ಲಿ ಇಟ್ಟ ಮೇಲೆ ನೋಡಿದರೆ ಮೂರೇ ಕುರ್ಚಿಗಳಿಗೆ ಜಾಗ! ಉಳಿದ ಮೂರು ಇಂದಿಗೂ ಮಹಡಿಯ ಮೇಲೆ ಹಪ್ಪಳ ಸಂಡಿಗೆಗಳ ಸೀರೆಯ ಅಂಚನ್ನು ಹಿಡಿದುಕೊಂಡು ನಿಂತಿರುತ್ತವೆ. ಇದು ನಗುವ ಮಾತಾಯಿತು. ಆ ವರ್ಷದ ಗೌರಿಹಬ್ಬದ ದಿನ ನಡುಮನೆಯಲ್ಲಿ ಹದಿನಾಲ್ಕು ಎಲೆ ಹಾಕಿದೆವು. ದೊಡ್ಡಮ್ಮನವರಿಗೆ ಮಾತ್ರ ಒಳಗೆ ಮೇಜಿನ ಮೇಲೆ ಹಾಕಿ, ಎಲ್ಲರಿಗಿಂತ ಮುಂಚೆ ಬಡಿಸಿದೆವು. ದೊಡ್ಡ ಉಪಚಾರ ಮಾಡಿದೆವೆಂದೇ ನಮ್ಮ ಎಣಿಕೆ. ಹೊರಗೆ ಪಂಕ್ತಿಯಲ್ಲಿ ಮಕ್ಕಳ ನಗು, ಭಾವಂದಿರ ಹಾಸ್ಯ, ಇನ್ನೊಂದು ಹಾಕಿಸಿಕೊಳ್ಳಿರೆಂಬ ಬಲವಂತ. ಒಳಗೆ ಅವರೊಬ್ಬರೇ ಗೋಡೆಗೆ ಮುಖಮಾಡಿ ಕುಳಿತಿದ್ದರು. ಒಬ್ಬಟ್ಟನ್ನು ಮುಟ್ಟದೆ ಎದ್ದುಬಿಟ್ಟರು. ಕಾರಣವನ್ನು ಕೇಳಿದುದಕ್ಕೆ, “ಮಂಡಿಗೇನೋ ಅನುಕೂಲ ಮಾಡಿದಿರಿ ಕಣಮ್ಮ. ಆದರೆ ಹಬ್ಬದ ದಿನ ಈ ಮನೆಯಲ್ಲಿ ಒಂಟಿ ಎಲೆ ಹಾಕಿದ್ದನ್ನು ನಾನು ಕಂಡಿರಲಿಲ್ಲ” ಎಂದರು.

ಆದುದರಿಂದ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೆ ಮುಂಚೆ, ನೆಂಟರು ಬಂದ ದಿನ ಆ ಮೇಜಿಗೆ ಯಾರು ಯಾರು ಕೂಡತಕ್ಕವರೆಂಬುದನ್ನು ಮನೆಯಲ್ಲಿ ಮಾತಾಡಿಕೊಳ್ಳಬೇಕು. 7 ಅಡಿಯ ಮೂಲೆಯಲ್ಲಿ ಹದಿನೈದು ಮಂದಿ ಕೂಡುವುದು ಯಾವ ಮೇಜಿನಿಂದಲೂ ಆಗತಕ್ಕ ಮಾತಲ್ಲ. ಹೆಚ್ಚು ಮಂದಿಗೆ ನಡುಮನೆಯ ಪಂಕ್ತಿಯೇ ಇರಲಿ. ಅದಕ್ಕೆ ಸರಿಸಾಟಿಯಾದ ಏರ್ಪಾಡನ್ನು ನಾವಿನ್ನೂ ಕಂಡಿಲ್ಲ. ಮೂಲೆಯ ಮೇಜು ನೆಲಕ್ಕೆ ಬಗ್ಗಲಾರದ ಹಿರಿಯರಿಗೂ ಅವರೊಡನೆ ಕೂಡುವವರಿಗೂ ಆಗಲಿ. ಆದರೆ ಆ ಜೊತೆಯವರು ಇದ್ದೇ ತೀರಬೇಕು. ಆರು ಎಲೆಗೆ ಒದಗುವ ಮೇಜಾದರೆ ಅದೇ ಒಂದು ಸಣ್ಣ ಪಂಕ್ತಿಯಾಗುತ್ತದೆ.

ಆರು ಎಲೆ ಎಂದೆವು. ಅಂಗಡಿಯವರ ಲೆಕ್ಕದ ಆರು ಮಂದಿಯಲ್ಲ. ಇಲ್ಲಿಯೇ ಬಹುಮಂದಿ ಮೋಸಹೋಗುವುದು. ಅಂಗಡಿಯಲ್ಲಿ ಎಣಿಸುವುದು ಕುರ್ಚಿಗಳನ್ನು. ಊಟದ ತಟ್ಟೆಯ ಅಡ್ಡಳತೆ 11 ಅಥವಾ 12 ಅಂಗುಲ. ಮೊಳಕೈ ಆಡುವುದಕ್ಕೆ ಎಡೆ ಬಿಟ್ಟರೂ ಒಬ್ಬರಿಗೆ 20 ಅಂಗುಲದಲ್ಲಿ ಹೇಗೋ ಸಾಗುತ್ತದೆ. ಬಾಳೆಯೆಲೆಯಾದರೋ ಕುಡಿ ಎಡಕ್ಕೆ ಬರುವಂತೆ ಅಡ್ಡಲಾಗಿ ಹಾಸತಕ್ಕದ್ದು; ಹಬ್ಬದ ಎಲೆ ಒಂದೂವರೆ ಅಡಿಗೆ ಕಡಿಮೆಯಾದರೆ ಕೋಸಂಬರಿ ಪಲ್ಯಗಳಿಗೆ ಜಾಗವಿರುವುದಿಲ್ಲ. ಒಳ್ಳೆಯ ಎಲೆ ಎರಡು ಅಡಿ ಇರುವುದೂ ಉಂಟು. ಆದಕಾರಣ ತಲೆಗೆ 24 ಅಂಗುಲವೆಂದು ಹಿಡಿಯಬೇಕು. 4 ಅಡಿಯ ಮೇಜಿನ ಒಂದು ಮಗ್ಗುಲಿಗೆ ಎರಡೇ ಎಲೆ, 6 ಅಡಿಯದಕ್ಕೆ ಮೂರು. ದುಂಡು ಮೇಜನ್ನು ಹೊಗಳುವವರು ಬಹಳ ಮಂದಿ. ಮುಖಾಮುಖಿಯಾಗಿ ಮಾತಾಡಲು ಅದು ಚೆನ್ನವೇ ಸರಿ. ಆದರೆ ಮೂಲೆಗೆ ಸೇರಿಸಿದರೆ ಗೋಡೆಯ ಸಂದು ವ್ಯರ್ಥವಾಗುತ್ತದೆ, ಅದರ ಮೇಲೆ ಉದ್ದದ ಎಲೆಗಳು ಒಂದರ ತುದಿಯನ್ನೊಂದು ತುಳಿಯುತ್ತವೆ. ಎಲೆಯ ಊಟಕ್ಕೆ ಚೌಕಟ್ಟಾದ ಮೇಜೇ ಸರಿ.

ಇನ್ನು ಅಗಲದ ಮಾತು. ಪಂಕ್ತಿಯಲ್ಲಿ ಎರಡು ಸಾಲೂ ಎದುರುಬದುರಾಗಿ ಕುಳಿತು, ಬಡಿಸುವವರು ನಡುವೆ ಓಡಾಡುತ್ತಾರೆ. ಮೇಜಿನಲ್ಲಿ ಆ ನಡುವಣ ದಾರಿಯೇ ಇಲ್ಲ; ಬಡಿಸುವವರು ಬೆನ್ನ ಹಿಂದಿನಿಂದ ಬರಬೇಕು. ಬೆನ್ನ ಹಿಂದೆ ಗೋಡೆಯಿದ್ದರೆ? ಮೂಲೆಯ ಮೇಜಿನ ತೊಡಕೆಲ್ಲ ಇದೊಂದರಲ್ಲಿದೆ. ಗೋಡೆಯ ಕಡೆಯವರಿಗೆ ಈಚೆಯಿಂದಲೇ ಕೈಚಾಚಿ ಬಡಿಸುವುದಾದರೆ ಮೇಜು 30 ಅಂಗುಲಕ್ಕಿಂತ ಅಗಲವಾಗಕೂಡದು. ಆಗಲೂ ಈಚೆ ಕುಳಿತವರ ಹೆಗಲ ಮೇಲಿಂದ ಹುಳಿಯ ಸೌಟು ಹಾಯಬೇಕಾಗುತ್ತದೆ. ನಮಗೆ ಅದು ಒಪ್ಪಿಗೆಯಾಗಲಿಲ್ಲ. 36 ಅಂಗುಲ ಅಗಲ ಮಾಡಿಸಿದರೆ, ಎದುರುಬದುರು ಎಲೆಗಳಿಗೆ ಒಂದೊಂದು ಅಡಿ ಹೋಗಿ, ನಡುವೆ ಇನ್ನೊಂದು ಅಡಿ ಉಳಿಯುತ್ತದೆ. ಅಲ್ಲಿ ಸಿಂಬೆಗಳ ಮೇಲೆ ಅನ್ನ, ಸಾರು, ಹುಳಿ, ತುಪ್ಪಗಳನ್ನು ಇಟ್ಟು, ಕುಳಿತವರೇ ಒಬ್ಬರಿಗೊಬ್ಬರು ಬಡಿಸಿಕೊಳ್ಳಬಹುದು.

ಈ ಏರ್ಪಾಡಿನಿಂದ ನಾವೆಣಿಸದ ಲಾಭವೊಂದು ಒದಗಿತು. ನಮ್ಮ ಮನೆಗಳಲ್ಲಿ ಹಬ್ಬದ ಅಡಿಗೆ ಮಾಡಿದವರು ಊಟಕ್ಕೆ ಕೂಡುವುದು ಕಟ್ಟಕಡೆಗೆ, ಸಾರು ತಣ್ಣಗಾಗಿ ಹಪ್ಪಳ ಮೆತ್ತಗಾದ ಮೇಲೆ. ಮೇಜು ಒಲೆಯ ಹತ್ತಿರವಿದ್ದು, ಪಾತ್ರೆಗಳು ಮೇಜಿನ ಮೇಲೆಯೇ ಇರುವಾಗ, ಬಡಿಸುವುದಕ್ಕೆಂದು ಯಾರೂ ನಿಂತಿರಬೇಕಾದುದಿಲ್ಲ. ಮೊದಲ ಪಂಕ್ತಿಯನ್ನು ನಡುಮನೆಯಲ್ಲಿ ಹುಡುಗರು ಬಡಿಸಲಿ. ಬೆಳಗಿನ ಐದು ಗಂಟೆಯಿಂದ ಒಲೆಯ ಮುಂದೆ ಬೆಂದವರು ಹಿರಿಯರೊಡನೆ ಅದೇ ಹೊತ್ತಿಗೆ ಮೇಜಿಗೆ ಕೂಡಲಿ. ಗಂಡಸರು ಮೊದಮೊದಲು ಹುಬ್ಬೇರಿಸಬಹುದು. ಪಾಯಸದ ಸೌಟನ್ನು ಕೈಗೆ ಕೊಟ್ಟರೆ ಸರಿಹೋಗುತ್ತಾರೆ.

ಗೋಡೆಯ ಉದ್ದಕ್ಕೂ ಕುರ್ಚಿಗಳ ಬದಲು 18 ಅಂಗುಲ ಅಗಲದ ಬೆಂಚನ್ನು ಹಾಕಿಸತಕ್ಕದ್ದು. ಕುರ್ಚಿಯನ್ನು ಹಿಂದಕ್ಕೆ ಸರಿಸಲು ಬೇಕಾದ ಜಾಗ ಉಳಿಯುತ್ತದೆ, ಮಕ್ಕಳು ಒತ್ತಾಗಿ ಕೂಡುತ್ತಾರೆ, ಕಾಲು ಮಡಿಸಿ ಕುಳಿತಲ್ಲದೆ ಅನ್ನ ಇಳಿಯದೆನ್ನುವವರಿಗೂ ಅನುಕೂಲ. ಬೆಂಚಿನ ಹಲಗೆಗೆ ಕೀಲು ಹಾಕಿಸಿದರೆ ಕೆಳಗೆ ಮಣೆ, ಚಾಪೆ, ದೊಡ್ಡ ಪಾತ್ರೆಗಳನ್ನು ಇಡಬಹುದು. ಹಿರಿಯರನ್ನು ಮಾತ್ರ ಬೆಂಚಿಗೆ ಕೂಡಿಸಕೂಡದು. ಒಳಕ್ಕೆ ಜರುಗುವುದೂ ಹೊರಕ್ಕೆ ಬರುವುದೂ ಅವರಿಗೆ ಕಷ್ಟ. ಅವರಿಗೆ ತೆರಪಿನ ಕಡೆ, ಊರಿಕೊಂಡು ಏಳುವುದಕ್ಕೆ ಕೈಗಳುಳ್ಳ ಕುರ್ಚಿ ಇರಲಿ. ಕೂಡುವ ಎತ್ತರ 18 ಅಂಗುಲ, ಮೇಜಿನ ಎತ್ತರ 30 ಅಂಗುಲ ಇದ್ದರೆ ಸರಿ. ಹಲಗೆಯ ಕೆಳಗಿನ ಪಟ್ಟಿ 4 ಅಂಗುಲಕ್ಕಿಂತ ಇಳಿದರೆ ತೊಡೆಗೆ ತಾಗುತ್ತದೆ.

ಉಳಿದ ಕುರ್ಚಿಗಳು ಹಗುರವಾಗಿರಬೇಕು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಹೊರದೇಶದ ಚಿತ್ರಪುಸ್ತಕಗಳೂ ಹೇಳುವುದಿಲ್ಲ. ಏಕೆಂದರೆ ಅವು ಚಮಚೆಯಲ್ಲಿ ಉಣ್ಣುವವರನ್ನು ಎಣಿಸಿ ಬರೆದವು. ನಾವು ಕೈಯಲ್ಲಿ ಉಣ್ಣುವವರು. ಊಟವಾದ ಮೇಲೆ ಬಲಗೈ ಎಂಜಲು. ಎಡಗೈಯೊಂದರಿಂದಲೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಏಳಬೇಕು. ಭಾರದ ಕುರ್ಚಿ ನೆಲವನ್ನು ಗೀರಿ ಕಿರುಚುತ್ತದೆ, ಇಲ್ಲವೇ ಎಂಜಲು ಕೈಯೇ ಅದರ ಬೆನ್ನನ್ನು ಹಿಡಿಯುತ್ತದೆ. ಅಲ್ಲಿಂದ ಕೈತೊಳೆಯುವ ಸ್ಥಳಕ್ಕೆ ಹೋಗುವ ದಾರಿ ಒಲೆಯ ಮುಂದುಗಡೆ ಹಾಯದಂತೆಯೂ ನೋಡಿಕೊಳ್ಳಬೇಕು. ಕುರ್ಚಿ ಸರಿಸಲು, ಅದರ ಹಿಂದೆ ಒಬ್ಬರು ಹಾದುಹೋಗಲು, ಮೇಜಿನ ಅಂಚಿನಿಂದ ಒಲೆಯ ಕಟ್ಟೆಯವರೆಗೆ 42 ಅಂಗುಲವಾದರೂ ಬೇಕು.

ನಿತ್ಯಕ್ಕೆ ನಾಲ್ಕು, ಹಬ್ಬಕ್ಕೆ ಆರು ಎಂದರೆ 4 ಅಡಿಯ ಮೇಜಿಗೆ ತೆರಪಿನ ತುದಿಯಲ್ಲಿ 2 ಅಡಿಯ ಮಡಿಸುವ ಹಲಗೆಯನ್ನು ಕೂಡಿಸುವುದು ಉತ್ತಮ. ತುದಿಯಲ್ಲಿ ಒಬ್ಬರು ಕುಳಿತರೆ ಏಳು. ನಾವು ಮಾಡಿಸಿದ್ದೂ ಹೀಗೆಯೇ. ಆದರೆ ಹಲಗೆಯನ್ನು ಎತ್ತಿದ ಮೇಲೆ 7 ಅಡಿಯ ಮೂಲೆಯಲ್ಲಿ ಉಳಿಯುವುದು ಒಂದೇ ಅಡಿ. ಬೆಂಚಿನವರು ಊಟದ ನಡುವೆ ಏಳುವಂತಿಲ್ಲ. ಆದುದರಿಂದ ಅವರು ಕುಳಿತ ಮೇಲೆ ಹಲಗೆಯನ್ನು ಎತ್ತುವುದು, ಊಟವಾದ ಮೇಲೆ ಇಳಿಸುವುದು. ಪದೇ ಪದೇ ಏಳುವ ಮಕ್ಕಳಿಗೆ ಈ ಸೆರೆವಾಸ ಒಳ್ಳೆಯದೇ ಆಯಿತೆಂದು ನಮ್ಮ ನಾದಿನಿಯ ಅಭಿಪ್ರಾಯ. ಮಡಿಸುವ ಹಲಗೆಯ ಮೇಲೆ ಹುಳಿಯ ಪಾತ್ರೆಯನ್ನು ಮಾತ್ರ ಇಡಬೇಡಿರಿ. ಆಧಾರ ಎಷ್ಟೇ ಗಟ್ಟಿಯಾಗಿದ್ದರೂ ಮಕ್ಕಳ ಮಂಡಿ ಅದಕ್ಕಿಂತ ಗಟ್ಟಿ.

ಮೇಜು ಯಾತರದಾಗಿರಬೇಕು? ಗಾಜಿನದು ಬೇಡ. ಲೋಟ ತಟ್ಟೆಗಳ ಸದ್ದಿಗೆ ಮಾತು ಕೇಳಿಸದು, ಒಂದೊಂದು ಬೆರಳ ಗುರುತೂ ಕಾಣುತ್ತದೆ. ಕಲ್ಲು ತೊಳೆಯಲು ಸುಲಭ. ಆದರೆ ಕಲ್ಲಿನಲ್ಲಿಯೂ ಜಾತಿಗಳಿವೆ. ಅಮೃತಶಿಲೆ, ಶಹಾಬಾದಿನ ಕಲ್ಲು, ಕಡಪದ ಕಲ್ಲು ಇವು ಸುಣ್ಣದ ಅಂಶದವು. ನಿಂಬೆಯ ರಸ ಹುಣಿಸೆಯ ಹುಳಿ ಬಿದ್ದರೆ ಹೊಳಪು ಸತ್ತು ಕಲೆಯಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಹುಳಿಗೆ ಹೆದರದು. ಆದರೆ 4 ಅಡಿಗೆ 3 ಅಡಿಯ ಹಲಗೆ ಮುಕ್ಕಾಲು ಅಂಗುಲ ದಪ್ಪವಾದರೂ 50 ಕಿಲೋಗೆ ಮೇಲಾಗುತ್ತದೆ. ಒಮ್ಮೆ ಇಟ್ಟರೆ ಇಟ್ಟಲ್ಲೇ. ಅಗ್ಗದ ಮೇಜುಗಳಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯೇ ಹೆಚ್ಚು. ಊಟವಾದ ಮೇಲೆ ಎರಡು ಹೊತ್ತೂ ಒದ್ದೆ ಬಟ್ಟೆಯಿಂದ ಒರಸುವ ನಮ್ಮ ಮನೆಗಳಲ್ಲಿ ಅದು ಅಂಚಿನಿಂದ ಉಬ್ಬತೊಡಗುತ್ತದೆ. ಪ್ಲೈವುಡ್ಡಿನದೇ ಆಗಬೇಕೆಂದರೆ ಐ.ಎಸ್. 710 ಎಂಬ ಗುರುತಿರುವುದನ್ನು ಕೇಳಿ, ಸನ್‌ಮೈಕಾ ಹಚ್ಚಿಸಿ, ಅಂಚನ್ನು ಮರದ ಪಟ್ಟಿಯಿಂದ ಮುಚ್ಚಿಸಿರಿ. ಮರದಲ್ಲಿ ತೇಗ ಎಲ್ಲಕ್ಕೂ ಮೇಲು, ಬೆಲೆಯಲ್ಲಿಯೂ ಮೇಲು. ಹೊನ್ನೆ ಗಟ್ಟಿಯಾದ ಮರವೇ. ಆದರೆ ನೆನೆದರೆ ಬಣ್ಣ ಬಿಡುತ್ತದೆ. ನಾವು ಹಲಸಿನ ಮರವನ್ನು ಆರಿಸಿಕೊಂಡೆವು. ವೀಣೆಗೆ ಬಳಸುವ ಮರ ಅದು. ಹೊಸದರಲ್ಲಿ ಹಳದಿಯಾಗಿದ್ದು ವರ್ಷ ಕಳೆದಂತೆ ಕಂದಾಗುತ್ತದೆ. ಹಲಗೆಗಳ ನಡುವೆ ಸಂದಿರದಂತೆ ಬಡಗಿಗೆ ಖಂಡಿತವಾಗಿ ಹೇಳಬೇಕು. ಸಂದಿಯಲ್ಲಿ ಸೇರಿದ ಅನ್ನದ ಅಗುಳನ್ನು ಇರುವೆಗಳು ನಮಗಿಂತ ಮೊದಲು ಕಾಣುತ್ತವೆ.

ಮೇಜು ಬರುವುದೆಂದಾಗ ನಮ್ಮ ಅತ್ತೆಯವರು, “ಎಂಜಲಾದ ನೆಲಕ್ಕೆ ಗೋಮಯ ಹಾಕುತ್ತಿದ್ದೆವು, ಈ ಮೇಜಿಗೇನು ಹಾಕುತ್ತೀರಿ?” ಎಂದು ಆಕ್ಷೇಪಿಸಿದರು. ಉತ್ತರ ಕರ್ನಾಟಕದಲ್ಲಿ ತಟ್ಟೆಯನ್ನು ಅಡ್ಡಣಿಗೆಯ ಮೇಲಿಟ್ಟು ಉಣ್ಣುವ ವಾಡಿಕೆ ಹಿಂದಿನಿಂದ ಇದ್ದುದನ್ನು ಜ್ಞಾಪಿಸಿ, ಇದು ಕಾಲುದ್ದವಾದ ಅಡ್ಡಣಿಗೆಯೆಂದೇ ತಿಳಿಯಿರೆಂದೆವು. ಅವರು ನಕ್ಕರೇ ಹೊರತು ಒಪ್ಪಲಿಲ್ಲ. ಈಗ ಪ್ರತಿದಿನ ಎರಡು ಸಲ ಮೇಜನ್ನು ಒರಸುವವರು ಅವರೇ. ಮತ್ತೊಬ್ಬರು ಒರಸಿದರೆ ಅವರ ಮನಸ್ಸಿಗೆ ಬಾರದು.

ಕೊಳ್ಳುವ ಮುಂಚೆ ಸೋದರಿಯು ಒಂದು ಕೆಲಸ ಮಾಡಲಿ. ಮೇಜು, ಬೆಂಚು, ಹಿಂದಕ್ಕೆ ಸರಿಸಿದ ಕುರ್ಚಿ, ಇಷ್ಟರ ಅಳತೆಯನ್ನೂ ರಂಗೋಲಿ ಪುಡಿಯಿಂದ ನೆಲದ ಮೇಲೆ ಎಳೆದು, ನಾಲ್ಕು ದಿನ ಆ ಗೆರೆಯನ್ನು ತುಳಿಯದೆ ಅಡಿಗೆ ಮಾಡಿ ನೋಡಲಿ. ಎಲ್ಲಿ ಗೆರೆ ಅಳಿಸಿತೋ ಅಲ್ಲಿ ಮೇಜಿನ ಮೂಲೆ ಸೊಂಟಕ್ಕೆ ತಾಗುವುದೆಂದು ತಿಳಿಯಬೇಕು. ನಾವು ಮೊದಲ ಅಂದಾಜಿನಲ್ಲಿ 5 ಅಡಿಯ ಮೇಜನ್ನು ಎಣಿಸಿದ್ದೆವು. ಎರಡನೆಯ ದಿನವೇ ಹಿತ್ತಿಲ ಬಾಗಿಲ ಕಡೆಯ ಗೆರೆ ಪೂರಾ ಹೋಗಿತ್ತು.

ಹೋದ ಗೌರಿಹಬ್ಬದಲ್ಲಿ ನಮ್ಮ ಮೂಲೆಯ ಮೇಜಿಗೆ ಏಳು ಎಲೆ ಬಿದ್ದವು. ದೊಡ್ಡಮ್ಮನವರ ಎದುರಿಗೆ ಅವರ ತಂಗಿ, ಪಕ್ಕಕ್ಕೆ ನಾದಿನಿ, ಬೆಂಚಿನ ಮೇಲೆ ಮೂವರು ಮಕ್ಕಳ ನಡುವೆ ಇಕ್ಕಟ್ಟಿನಲ್ಲಿ ನಾವು. ನಡುಮನೆಯ ಪಂಕ್ತಿಯವರು ಒಳಗೇನು ಅಷ್ಟು ನಗುವೆಂದು ಎರಡು ಸಲ ಕೇಳಿ ಕಳುಹಿಸಿದರು. ದೊಡ್ಡಮ್ಮನವರು ಒಬ್ಬಟ್ಟನ್ನು ಎರಡು ಸಲ ಹಾಕಿಸಿಕೊಂಡರು. ತುಪ್ಪದ ಗಿಂಡಿಯನ್ನು ತಾವೇ ಕೈಗೆ ತೆಗೆದುಕೊಂಡು ಮಕ್ಕಳಿಗೆಲ್ಲ ಬಡಿಸಿದರು. ಅಂದು ಹಲಗೆಯ ಮೇಲೆ ಚೆಲ್ಲಿದ ಹುಳಿಯ ಅರಿಸಿನದ ಕಲೆ ಎಷ್ಟು ಒರಸಿದರೂ ಹೋಗದೆ, ಕಿಟಕಿಯ ಬಿಸಿಲು ಬಿದ್ದು ಬಿದ್ದು ಕೆಲವು ದಿನಗಳಲ್ಲಿ ತಾನೇ ಮಾಸಿಹೋಯಿತು. ಅರಿಸಿನದ ಕಲೆಗೆ ಬಿಸಿಲೇ ಮದ್ದು.

ಒಲೆಯ ಕಟ್ಟೆಗೂ ಮೂಲೆಗೂ ನಡುವೆ ಎಷ್ಟು ಅಂತರವೆಂಬುದನ್ನು ಸೋದರಿಯು ತಮ್ಮ ಕಾಗದದಲ್ಲಿ ಬರೆದಿಲ್ಲ. ಅದನ್ನು ಅಳೆದು ತಿಳಿಸಿದರೆ, ಬೆಂಚನ್ನು ಯಾವ ಗೋಡೆಗೆ ಹಾಕಿಸಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.