ಭರಣಿಗೆ ಹಸಿ ಕೈ ಹಾಕಬ್ಯಾಡ್ರಿ

ಈ ಸಲ ಕಂಪ್ಯೂಟರ್ ಮಾತು ಆಡ್ತೀನಿ. ಅಂಜಬ್ಯಾಡ್ರಿ, ಅಡಗಿ ಮನಿ ಪೂರ್ತಿ ಬಿಟ್ಟು ಹೋಗೂದಿಲ್ಲ. ಈಗ ನಮ್ಮ ಓಣ್ಯಾಗ ಮನಿಗೊಂದು ಕೂಸು ಬಿಸಿಎ ಇಲ್ಲಾ ಇಂಜಿನಿಯರಿಂಗ್ ಓದ್ತದ. ಪ್ರೈವೇಟ್, ಪಬ್ಲಿಕ್, ಪ್ರೊಟೆಕ್ಟೆಡ್ ಅಂತ ಮಂತ್ರದಂಗ ಬಾಯಿಪಾಠ ಮಾಡ್ತಾವ. ನನ್ನ ತಕರಾರು ಹುಡುಗ್ರ ಮ್ಯಾಲೆ ಅಲ್ಲ, ಹಿಂಗ ಕಲಿಸೋರ ಮ್ಯಾಲೆ.

ತಂಗಿ ಮಗಳು ನಮ್ಮನ್ಯಾಗ ಇದ್ದು ಓದಿದ್ಲು. ಪರೀಕ್ಷಾ ಬಂತಂದ್ರ ನೋಟ್ಸ್ ಹಿಡಕೊಂಡು ಪ್ರಶ್ನೆ ಕೇಳೂದು ನನ್ನ ಕೆಲಸ. ನೋಟ್ಸ್‌ನ್ಯಾಗ ಏನದ ಅಂದ್ರ, 'ಡೇಟಾ ಸುರಕ್ಷಿತ ಇರಲಿ ಅಂತ ಪ್ರೈವೇಟ್ ಮಾಡಬೇಕು, ಆಮ್ಯಾಲೆ ಪ್ರತಿಯೊಂದಕ್ಕೂ ಒಂದು ಗೆಟ್ಟರ್ ಒಂದು ಸೆಟ್ಟರ್ ಬರೀಬೇಕು.' ಇಷ್ಟು ಬರದ್ರ ಮಾರ್ಕ್ಸ್. ನೌಕರಿ ಇಂಟರ್‌ವ್ಯೂದಾಗ ಅಕಿಗೆ ಕೇಳಿದ್ರಂತ: ಪ್ರೈವೇಟ್ ಮಾಡಿದಿ, ಮತ್ತ ಯಾರು ಬೇಕಾದ್ರೂ ಬದಲಿ ಮಾಡೂ ಹಂಗ ಸೆಟ್ಟರ್ ಕೊಟ್ಟಿ, ಹಂಗಾದ್ರ ಪ್ರೈವೇಟ್ ಮಾಡಿ ಬಂದದ್ದೇನು? ಪಾಪ, ಹುಡುಗಿ ಬಾಯಿ ಕಟ್ಟಿಹೋತು. ಅವರವ್ವ ಬಿಲ್ವಾರ ಒತ್ತಿ ಇಟ್ಟು ಫೀ ಕಟ್ಟಿದ್ಲು. ಮೂರು ವರ್ಷದಾಗ ಆ ಕಾಲೇಜಿನವರು ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ.

ಉತ್ತರ ನಮಗೆಲ್ಲಾ ಗೊತ್ತಿದ್ದದ್ದ ಅದ. ಉಪ್ಪಿನಕಾಯಿ ಭರಣಿ ನೆನಸ್ಕೋರ್ರಿ. ಮನಿಗೆ ಬಂದ ಮಂದಿಗೆ ಭರಣಿ ಕೈಯಾಗ ಕೊಡ್ತೀವೇನು? 'ಇಲ್ಲೆ ತಾಟು ಹಿಡೀರಿ, ನಾ ಬಡಸ್ತೀನಿ' ಅಂತೀವಿ. ಅವರು ಕಳ್ಳರು ಅಂತಲ್ಲ. ಹಸಿ ಚಮಚ ಬಿತ್ತಂದ್ರ ವರ್ಷದ ಉಪ್ಪಿನಕಾಯಿ ಬೂಜು ಹಿಡೀತದ. ಒಣ ಚಮಚ ಬೇಕು ಅನ್ನೂ ನೇಮ ಒಬ್ಬರ ಕೈಯಾಗ ಇದ್ರ ಉಳೀತದ, ಹತ್ತು ಮಂದಿ ಕೈಯಾಗ ಇದ್ರ ಉಳಿಯೂದಿಲ್ಲ.

ಪ್ರೋಗ್ರಾಮಿನ್ಯಾಗೂ ಹಂಗ. ಬ್ಯಾಂಕ್ ಖಾತೆ ಅಂತ ಒಂದು ಕ್ಲಾಸ್ ಅದ ಅನ್ರಿ, ಅದರಾಗ ಶಿಲ್ಕು ಅಂತ ಒಂದು ಸಂಖ್ಯೆ. ಅದು ಪಬ್ಲಿಕ್ ಇದ್ರ ಪ್ರೋಗ್ರಾಮಿನ ಯಾವ ಮೂಲ್ಯಾಗಿಂದರ ಯಾರೋ 500 ಇದ್ದ ಕಡೆ ಮೈನಸ್ 2000 ಬರದು ಹೋಗ್ತಾರ. ಪ್ರೈವೇಟ್ ಮಾಡಿ, 'ರೊಕ್ಕ ತಗಿ' ಅನ್ನೂ ಒಂದು ಮೆಥಡ್ ಅಷ್ಟ ಹೊರಗ ಇಟ್ರ, 'ಇಷ್ಟು ರೊಕ್ಕ ಅದ ಏನು' ಅಂತ ಅದು ಮೊದಲ ನೋಡಿ ಆಮ್ಯಾಲೆ ಕೊಡ್ತದ. ತಪಾಸಣಿ ಒಂದ ಕಡೆ. ಲೆಕ್ಕ ತಪ್ಪಿದ್ರ ಹುಡುಕೂದೂ ಒಂದ ಕಡೆ. ಅದನ್ನ ಬಿಟ್ಟು, ಯಾವ ತಪಾಸಣಿನೂ ಇಲ್ಲದ 'ಶಿಲ್ಕು ಇಷ್ಟು ಮಾಡು' ಅನ್ನೂ ಸೆಟ್ಟರ್ ಬರದ್ರ, ಕೀಲಿ ಹಾಕಿ ಕೀಲಿಕೈ ಅದ ಬಾಗಲಿಗೆ ಜೋತುಬಿಟ್ಟಂಗ. ಗೆಟ್ಟರ್ ಏನು ಕಡಿಮಿ ಅಲ್ಲ. ಒಳಗ ಒಂದು ಪಟ್ಟಿ ಇರ್ತದ, ಜಾವಾದಾಗ ಗೆಟ್ಟರ್ ಆ ಪಟ್ಟಿನ ಹಂಗ ಕೈಗೆ ಕೊಟ್ರ, ತಗೊಂಡವರು ಅದರಾಗ ಸೇರಸ್ಬಹುದು, ಅಳಸ್ಬಹುದು. ಮಾತಿಗೆ ಪ್ರೈವೇಟ್, ಕೊಟ್ಟದ್ದು ಭರಣಿ!

ಇನ್ನ 'ಸುರಕ್ಷಿತ' ಅನ್ನೂ ಮಾತು. ಇದು ನೋಟ್ಸ್‌ನ್ಯಾಗಿನ ದೊಡ್ಡ ಸುಳ್ಳು. ಪ್ರೈವೇಟ್ ಅಂದ್ರ ತಿಜೋರಿ ಅಲ್ಲ. ಜಾವಾದಾಗ ರಿಫ್ಲೆಕ್ಷನ್ ಅನ್ನೂ ಹಿತ್ತಲ ಬಾಗಲದಿಂದ ಎಷ್ಟೋ ಸಲ ಪ್ರೈವೇಟ್ ಒಳಗೂ ಹೋಗಬಹುದು. ಪಾಸ್‌ವರ್ಡ್ ಕದಿಯೂ ಕಳ್ಳನ್ನ ಅದು ತಡಿಯೂದಿಲ್ಲ. ಅದು ಇರೂದು ಜೋಡಿ ಕೆಲಸ ಮಾಡೋರ ಸಲುವಾಗಿ, ನಾಳೆ ನಮಗ ನಾವು ತೊಂದ್ರಿ ಮಾಡ್ಕೋಬಾರದು ಅಂತ. ಡೇವಿಡ್ ಪಾರ್ನಸ್ ಅನ್ನೋರು 1972ರಾಗ ಬರದ ಲೇಖನದಾಗ ಇದನ್ನ ಹೇಳ್ಯಾರ: ಯಾವುದು ಮುಂದ ಬದಲಿ ಆಗೂ ಹಂಗ ಅದ, ಅದನ್ನ ಒಳಗ ಮುಚ್ಚಿಡ್ರಿ. ಶಿಲ್ಕನ್ನ ರೂಪಾಯಿದಾಗ ದಶಮಾಂಶ ಹಾಕಿ ಇಟ್ರ ಕಂಪ್ಯೂಟರಿಗೆ 0.1 ಮತ್ತ 0.2 ಕೂಡಿಸಿದ್ರ ಸರಿಯಾಗಿ 0.3 ಬರೂದಿಲ್ಲ, ಕೂದಲಷ್ಟು ಹೆಚ್ಚು ಬರ್ತದ. (ನಾನೂ ನಂಬಲಿಲ್ಲ, ಹುಡುಗಿ ಮಾಡಿ ತೋರಿಸಿದ್ಲು.) ಅದಕ್ಕ ಶಾಣ್ಯಾರು ಪೂರ್ತಿ ಪೈಸಾದಾಗ ಇಡ್ತಾರ. ಒಳಗ ಮುಚ್ಚಿದ್ರ ರೂಪಾಯಿದಿಂದ ಪೈಸಾಕ್ಕ ಒಂದು ಮಧ್ಯಾಹ್ನದಾಗ ಬದಲಿ ಮಾಡಬಹುದು. ಪಬ್ಲಿಕ್ ಇತ್ತೋ, ಅದನ್ನ ಮುಟ್ಟಿದ ನೂರು ಕಡೆ ಹುಡುಕ್ಕೋತ ಕೂಡಬೇಕು. ಭರಣಿ ಹೋಗಿ ಗಾಜಿನ ಬಾಟ್ಲಿ ಬಂದ್ರ ಉಣ್ಣೋರಿಗೆ ಗೊತ್ತಾಗ್ತದೇನು?

ಈ ವಿಚಾರ ಬೆಳೆಸಿದವರಾಗ ಒಬ್ಬ ಹೆಣ್ಣುಮಗಳು ಇದ್ದಾರ, ಬಾರ್ಬರಾ ಲಿಸ್ಕೋವ್. ಅಮೆರಿಕಾದ ಎಂಐಟಿಯೊಳಗ 1970ರ ದಶಕದಾಗ ಸಿಎಲ್‌ಯು ಅಂತ ಭಾಷೆ ಮಾಡಿದ್ರು. ಅದರಾಗ ಒಳಗಿನ ರಚನಾ ಮುಟ್ಟೂ ಅಧಿಕಾರ ಒಳಗಿನ ಕೆಲಸಗಳಿಗೆ ಅಷ್ಟ. 2008ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ನಮ್ಮ ಹುಡುಗಿಯ ನೋಟ್ಸ್‌ನ್ಯಾಗ ಇವರ ಹೆಸರಿಲ್ಲ. ಹೆಣ್ಣುಮಕ್ಕಳಿಗೆ ಏನು ತಿಳೀತದ ಅನ್ನೋ ನಮ್ಮ ಗಂಡಸರು ಇದನ್ನ ಓದಲಿ.

ಪ್ರೊಟೆಕ್ಟೆಡ್ ಬಗ್ಗೆ ಇನ್ನೊಂದು ಮಾತು. 'ಹೊರಗಿನವರಿಗಿಲ್ಲ, ಮಕ್ಕಳು ಮೊಮ್ಮಕ್ಕಳಿಗೆ ಅದ' ಅಂತ ಅದರ ಅರ್ಥ. ಕೇಳಲಿಕ್ಕೆ ಛಲೋ. ಆದ್ರ ಮುಂದ ಯಾರು ಆ ಕ್ಲಾಸಿಗೆ ಮಕ್ಕಳಾಗಿ ಬರ್ತಾರ ಯಾರಿಗೆ ಗೊತ್ತು? ಒಮ್ಮೆ ಕೊಟ್ಟದ್ದು ತಿರುಗಿ ಇಸ್ಕೊಳ್ಳಿಕ್ಕೆ ಬರೂದಿಲ್ಲ. ಜಾವಾದಾಗಂತೂ ಅದ ಪ್ಯಾಕೇಜಿನ ಮಗ್ಗಲ ಮನಿಯವರಿಗೂ ಅದು ತೆರದಿರ್ತದ. ಸಿ ಪ್ಲಸ್ ಪ್ಲಸ್ ಮಾಡಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ತಮ್ಮ ಪುಸ್ತಕದಾಗ ಒಂದು ಕಥಿ ಹೇಳ್ಯಾರ. ಮಾರ್ಕ್ ಲಿಂಟನ್ ಅನ್ನೋರು ಬಂದು, ಇಂಥಾದ್ದೊಂದು ಬೇಕ ಬೇಕು ಅಂತ ಆಗ್ರಹ ಮಾಡಿದ್ರಂತ, ಇವರು ಕೊಟ್ರು. ಐದು ವರ್ಷದ ಸುಮಾರಿಗೆ ಅದ ಲಿಂಟನ್ ತಮ್ಮ ಇಂಟರ್‌ವ್ಯೂಸ್ ಅನ್ನೂ ಲೈಬ್ರರಿಯೊಳಗ ಡೇಟಾಕ್ಕ ಪ್ರೊಟೆಕ್ಟೆಡ್ ಹಾಕೂದು ಬಂದ್ ಮಾಡಿದ್ರು, ತಪ್ಪುಗಳು ಅಲ್ಲಿಂದನ ಹುಟ್ಟತಿದ್ವು ಅಂತ.

ಕೆಲವು ಹುಡುಗ್ರು 'ಮೌಶಿ, ಪೈಥಾನ್‌ನ್ಯಾಗ ಪ್ರೈವೇಟ್ ಇಲ್ಲವ ಇಲ್ಲ, ನಡಿಯೂದಿಲ್ಲೇನು' ಅಂತಾರ. ಖರೆ. ಅಲ್ಲೆ ಹೆಸರಿನ ಮುಂದ ಒಂದು ಅಡಿಗೆರಿ ಹಾಕ್ತಾರ, ಅದು 'ಮುಟ್ಟಬ್ಯಾಡ್ರಿ' ಅನ್ನೂ ವಿನಂತಿ. ಎರಡು ಅಡಿಗೆರಿ ಹಾಕಿದ್ರ ಭಾಷೆನ ಹೆಸರು ತಿರುವಿ ಇಡ್ತದ, ಆದ್ರೂ ಹುಡುಕಿದವರಿಗೆ ಸಿಗ್ತದ. ನಾಕು ಮಂದಿ ಇರೂ ಮನ್ಯಾಗ ವಿನಂತಿ ಸಾಕು. ಲಗ್ನದ ಮನಿ ಉಗ್ರಾಣಕ್ಕ ಒಬ್ಬರನ್ನ ಕೂಡಸ್ತೀವಿಲ್ಲೋ? ದೊಡ್ಡ ಕಂಪನಿಯ ಪ್ರೋಗ್ರಾಮು ಲಗ್ನದ ಮನಿ. ಮತ್ತ ಪೈಥಾನಿನವರೂ ಒಳಗಿಂದು ಹೊರಗಿಂದು ಬ್ಯಾರೆ ಅಂತ ಒಪ್ಪತಾರ, ಅದಕ್ಕ ಅಡಿಗೆರಿ ಹಾಕ್ತಾರ. ಗ್ವಾಡಿ ಕಟ್ಟಬೇಕೋ ರಂಗೋಲಿ ಗೆರಿ ಸಾಕೋ ಅನ್ನೂದಷ್ಟ ಜಗಳ.

ಹಂಗಾಗಿ ನಿಮ್ಮ ಮನಿ ಹುಡುಗ್ರಿಗೆ ಇವತ್ತ ರಾತ್ರಿ ಊಟಕ್ಕ ಕೂತಾಗ ಒಂದ ಪ್ರಶ್ನೆ ಕೇಳ್ರಿ: ಈ ಸೆಟ್ಟರ್ ಯಾಕ ಬರದಿ? 'ಸರ್ ಹೇಳ್ಯಾರ' ಅಂದ್ರ, ಫೀ ರಸೀದಿ ತಗದು ಇಡ್ರಿ. ಕಾಲೇಜಿನ ಪಾಲಕರ ಸಭಾಕ್ಕ ನಾಕು ಮಂದಿ ಕೂಡಿ ಹೋಗೂನು, ನಾನೂ ಬರ್ತೀನಿ.