ಮೊದಲು ಬಾಚಣಿಗೆ, ಆಮೇಲೆ ನೀರು

ನಮ್ಮ ಕಡೆ ಕುರಿಯ ತುಪ್ಪಟಕ್ಕೂ ಉಣ್ಣೆ ಎನ್ನುತ್ತಾರೆ, ನಾಯಿ-ದನಗಳ ರಕ್ತ ಹೀರುವ ಜೀವಿಗೂ ಉಣ್ಣೆ ಎನ್ನುತ್ತಾರೆ. ನಮ್ಮ ರಾಣಿಯ ಕಾಲು ಹಿಡಿದು ಕೂತ ದಿನ ಎರಡೂ ಒಟ್ಟಿಗೇ ಕೈಗೆ ಸಿಕ್ಕವು.

ರಾಣಿ ಕಾಕರ್ ಸ್ಪ್ಯಾನಿಯಲ್ ಜಾತಿಯ ನಾಯಿ. ಮಗಳು ಸಾಕಿದ್ದು. ಮದುವೆಯಾಗಿ ಹೊರಡುವಾಗ "ಅಪ್ಪ, ಇನ್ಮೇಲೆ ನೀವೇ ನೋಡ್ಕೋಬೇಕು" ಎಂದು ಒಪ್ಪಿಸಿ ಹೋದಳು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿದ ಮೇಲೆ ಅದರ ಕಾಲಿನ ನುಣುಪು ಕೂದಲು ಕುರಿಯ ತುಪ್ಪಟದಂತೆ ದಟ್ಟವಾಯಿತು. ಹಾರ್ಮೋನುಗಳ ವ್ಯತ್ಯಾಸದಿಂದ ಈ ಜಾತಿಯಲ್ಲಿ ಹೀಗಾಗುವುದುಂಟು. ಅದು ರೋಗವಲ್ಲ, ಆದರೆ ಸಾಕಿದವರ ಕೆಲಸ ಹೆಚ್ಚುತ್ತದೆ.

ಕಳೆದ ಮಾಗಿಯ ಒಂದು ಭಾನುವಾರ ತುಮಕೂರಿನಿಂದ ಗುಬ್ಬಿ ಹತ್ತಿರದ ನಮ್ಮ ತೆಂಗಿನ ತೋಟಕ್ಕೆ ಅದನ್ನು ಕರೆದೊಯ್ದಿದ್ದೆ. ಪಕ್ಕದ ಬೀಳಿನಲ್ಲಿ ಊಬಿನ ಹುಲ್ಲು ಒಣಗಿ ನಿಂತಿತ್ತು. ಪಂಚೆಯ ಅಂಚಿಗೆ ಸಾಲುಸಾಲಾಗಿ ಚುಚ್ಚಿಕೊಳ್ಳುತ್ತದಲ್ಲ, ಅದೇ. ಸಂಜೆ ನೋಡಿದರೆ ರಾಣಿಯ ನಾಲ್ಕೂ ಕಾಲಿನಲ್ಲಿ ಮಣ್ಣು, ಊಬು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾನು ಮಾಡಬಾರದ್ದನ್ನೇ ಮಾಡಿದೆ. ಬಚ್ಚಲಿಗೆ ಒಯ್ದು ಬಿಸಿನೀರು ಸುರಿದು, ಸೋಪು ಹಚ್ಚಿ ಗಸಗಸ ತಿಕ್ಕಿದೆ. ಒಣಗಿದ ಮೇಲೆ ಕಾಲಿನ ತುಂಬ ಗಟ್ಟಿ ಜಡೆ!

ಕುಣಿಗಲ್ ಕಡೆಯ ಕುರಿ ಸಾಕುವ ಗೆಳೆಯರೊಬ್ಬರು ಅದನ್ನು ನೋಡಿ, "ಏನ್ ಮೇಷ್ಟ್ರೇ, ನಾಯಿ ಕಾಲಲ್ಲೇ ಕಂಬಳಿ ಮಾಡಿದ್ದೀರಿ" ಎಂದು ನಕ್ಕರು. ಮಾತು ನಿಜ. ಕೂದಲಿನ ಮೈಮೇಲೆ ಮೀನಿನ ಪೊರೆಯಂಥ ಸೂಕ್ಷ್ಮ ಹಲ್ಲೆಗಳಿರುತ್ತವೆ. ನೀರು, ಬಿಸಿ, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಮುದುಡುವುದೂ ಇದರಿಂದಲೇ.

ನಗು ಅಲ್ಲಿಗೇ ಮುಗಿಯಲಿಲ್ಲ. ಮೂರನೆಯ ದಿನ ರಾಣಿ ಕುಂಟತೊಡಗಿತು. ಪಶುವೈದ್ಯರು ಕೂದಲು ಕತ್ತರಿಸಿ ನೋಡಿದರೆ ಬೆರಳ ಸಂದಿಯಲ್ಲಿ ಬಾವು, ಅದರೊಳಗೆ ಒಂದು ಊಬು. ಈ ಬೀಜದ ಮೊನೆ ಸೂಜಿಯಂತೆ ಚೂಪು. ಹಿಮ್ಮುಖವಾದ ಬಿರುಗೂದಲಿರುವುದರಿಂದ ಮುಂದೆ ಹೋಗಬಲ್ಲದೇ ಹೊರತು ಹಿಂದೆ ಬಾರದು. ಅದರ ಬಾಲ ಒಣಗಿದಾಗ ಹುರಿಗೊಳ್ಳುತ್ತದೆ, ಒದ್ದೆಯಾದಾಗ ಬಿಚ್ಚಿಕೊಳ್ಳುತ್ತದೆ. ಹೀಗೆ ಬೈರಿಗೆಯಂತೆ ತಿರುಗುತ್ತ ಬೀಜ ಮಣ್ಣಿಗಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್ 1876ರಷ್ಟು ಹಿಂದೆಯೇ ಇಂಥ ಬೀಜಗಳ ಬಗ್ಗೆ ಬರೆದಿದ್ದರು. ಬೀಜಕ್ಕೆ ಮಣ್ಣಾದರೇನು, ಮಾಂಸವಾದರೇನು? ನಾನು ಸುರಿದ ನೀರು ಅದಕ್ಕೆ ಸಹಾಯವನ್ನೇ ಮಾಡಿರಬೇಕು.

ಅಂದಿನಿಂದ ನಮ್ಮಲ್ಲಿ ಮೊದಲು ಬಾಚಣಿಗೆ, ಆಮೇಲೆ ನೀರು. ಅಗಲ ಹಲ್ಲಿನ ಉಕ್ಕಿನ ಬಾಚಣಿಗೆಯಿಂದ ಒಣ ಕೂದಲನ್ನು ತುದಿಯಿಂದ ಆರಂಭಿಸಿ ಬುಡದವರೆಗೆ ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಬಿಡದ ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಿಂದ ಎಳೆ ಬಿಡಿಸಿ. ಕತ್ತರಿಸಲೇಬೇಕಾದರೆ ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಕತ್ತರಿಯನ್ನು ಅದರ ಮೇಲೆಯೇ ಆಡಿಸಿ. ಕುಣಿಗಲ್ಲಿನ ಗೆಳೆಯರು ಕಲಿಸಿದ್ದು ಇನ್ನೊಂದು: ಕುರಿ ಕತ್ತರಿಸುವಾಗ ಚರ್ಮವನ್ನು ಬಿಗಿಹಿಡಿಯುತ್ತಾರೆ, ಕೂದಲನ್ನು ಜಗ್ಗುವುದಿಲ್ಲ. ಜಗ್ಗಿದರೆ ಚರ್ಮವೂ ಎದ್ದು ಕತ್ತರಿಗೆ ಸಿಗುತ್ತದೆ. ಬೋಳಿಸುವುದು ಬೇಡ. ಕಾಲಿಗೆ ಒಂದಂಗುಲ ಕೂದಲಿರಲಿ, ಅಂಗಾಲಿನ ಸಂದಿಯದ್ದನ್ನು ಮಾತ್ರ ಗಿಡ್ಡ ಮಾಡಿ. ಸ್ನಾನದ ನಂತರ ಬುಡದವರೆಗೆ ಒಣಗಿಸಿ.

ಹೀಗೆ ಬಿಡಿಸುವಾಗಲೇ ಎರಡನೆಯ ಉಣ್ಣೆ ಸಿಕ್ಕಿದ್ದು. ಎಂಟು ಕಾಲಿನ ಈ ಜೀವಿ ಕೀಟವಲ್ಲ, ಜೇಡದ ಬಳಗದ್ದು. ಅದು ಅಂಟಿಸುವ ಜ್ವರ ನಾಯಿಯ ಪ್ರಾಣವನ್ನೇ ತೆಗೆಯಬಹುದು. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು ಬೇಡ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕದೆ ಸ್ಪಿರಿಟ್‌ನಲ್ಲಿ ಹಾಕಿ. ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ.

ಈಗ ದಿನವೂ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಈ ಕೆಲಸ. ಮಗಳು ಫೋನಿನಲ್ಲಿ "ರಾಣಿ ಹೇಗಿದೆ?" ಎಂದು ಕೇಳಿದರೆ ಮೊದಲೆಲ್ಲ "ಚೆನ್ನಾಗಿದೆ" ಎಂದುಬಿಡುತ್ತಿದ್ದೆ. ಈಗ ನಾಲ್ಕೂ ಕಾಲು ಮುಟ್ಟಿ ನೋಡಿದ ಮೇಲೆಯೇ ಹೇಳುತ್ತೇನೆ.